ಊಟವಾದ ತಕ್ಷಣ ಚಹಾ ಕುಡಿಯಬಾರದು ಎನ್ನುವುದು ನಿಜವೇ?

ನಿಜ, ಅದರಲ್ಲೂ ರಕ್ತಹೀನತೆ ಇರುವವರು ಮತ್ತು ಗರ್ಭಿಣಿಯರು ಇದನ್ನು ಖಂಡಿತ ಗಮನಿಸಬೇಕು. ಚಹಾ ಗಿಡದ ಎಲೆಯಲ್ಲಿ ಪಾಲಿಫಿನಾಲ್ ಎಂಬ ಸಸ್ಯಜನ್ಯ ರಾಸಾಯನಿಕಗಳು ಹೇರಳವಾಗಿವೆ. ಕಡು ಚಹಾ ಕುಡಿದಾಗ ನಾಲಿಗೆಗೆ ತಾಗುವ ಒಗರು ಮುಖ್ಯವಾಗಿ ಅವುಗಳದ್ದೇ. ಸೊಪ್ಪು, ಕಾಳು, ರಾಗಿಯಂತಹ ಸಸ್ಯಾಹಾರದಲ್ಲಿರುವ ಕಬ್ಬಿಣಾಂಶದೊಂದಿಗೆ ಇವು ಕರುಳಿನಲ್ಲಿ ಬೆಸೆದುಕೊಂಡು, ಅದರಲ್ಲಿ ಸಾಕಷ್ಟು ಪಾಲು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮಾಂಸದಲ್ಲಿರುವ ಕಬ್ಬಿಣಾಂಶಕ್ಕೆ ಈ ತೊಂದರೆ ಬಹಳ ಕಡಿಮೆ. ಹಾಲು ಬೆರೆಸಿದರೂ ಹೆಚ್ಚಿನ ವ್ಯತ್ಯಾಸವಾಗದು. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿಟ್ಟರೆ ಪರಿಣಾಮ ತಗ್ಗುತ್ತದೆ. ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಅದರ ವಿಟಮಿನ್ ಸಿ ಕಬ್ಬಿಣಾಂಶದ ಹೀರಿಕೆಗೆ ನೆರವಾಗುತ್ತದೆ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನಂತೂ ಚಹಾದೊಂದಿಗೆ ನುಂಗಲೇಬಾರದು.