ಸಾಲಕ್ಕೆ ಹೆದರಿದವರು ನಿರಾಶ್ರಿತರೇ?

ಪ್ರಶ್ನೆ: ಮನೆ ಅಡವಿಟ್ಟು ಮಗನನ್ನು ಓದಲು ಕೆನಡಾಕ್ಕೆ ಕಳುಹಿಸಿದೆವು. ವರ್ಕ್ ಪರ್ಮಿಟ್ ಸಿಗಲಿಲ್ಲ, ವೀಸಾ ಮುಗಿಯುತ್ತಾ ಬಂದಿದೆ. ನಿರಾಶ್ರಿತ ಎಂದು ಅರ್ಜಿ ಹಾಕಿದರೆ ಅಲ್ಲೇ ಉಳಿಯಬಹುದು ಎನ್ನುತ್ತಾರೆ ಏಜೆಂಟ್. ಅವರು ಬರೆದುಕೊಟ್ಟ ಹೇಳಿಕೆಯ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮಗ ಸಹಿ ಹಾಕಬಹುದೇ?
– ಒಬ್ಬ ತಾಯಿ, ಕಾಪು

ಉತ್ತರ: ಅಕ್ಕಾ, ಸಹಿ ಹಾಕಬೇಡವೆಂದು ಇವತ್ತೇ ಮಗನಿಗೆ ಫೋನ್ ಮಾಡಿ.

ಹೇಳಿಕೆಯನ್ನು ಎರಡು ಸಲ ಓದಿದೆ. ‘ರಾಜಕೀಯ ವಿರೋಧಿಗಳು ರಾತ್ರಿ ಮನೆಗೆ ನುಗ್ಗಿದರು’ ಎಂದಿದೆ. ಊರಿನ ಹೆಸರು ಇರಬೇಕಾದಲ್ಲಿ ಬರೀ ಚುಕ್ಕಿಗಳು. ಹೋದ ವರ್ಷ ಮೂಲ್ಕಿಯ ಕುಟುಂಬವೊಂದು ನನ್ನ ಮೇಜಿನ ಮೇಲಿಟ್ಟ ಕಾಗದದಲ್ಲೂ ಇದೇ ವಾಕ್ಯವಿತ್ತು.

1951ರ ವಿಶ್ವಸಂಸ್ಥೆಯ ಒಪ್ಪಂದದಂತೆ ನಿರಾಶ್ರಿತರೆಂದರೆ ಸ್ವದೇಶದ ಹೊರಗಿರುವವರು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ, ಮರಳಿದರೆ ಹಿಂಸೆಗೆ ಗುರಿಯಾಗುವ ಸಕಾರಣ ಭಯವಿರುವವರು. ಸ್ವಂತ ಸರಕಾರದ ರಕ್ಷಣೆಯೂ ಅವರಿಗೆ ಸಿಗುವಂತಿರಬಾರದು. ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾನೂನಿನ 96ನೇ ಸೆಕ್ಷನ್ ಹೇಳುವುದೂ ಇದನ್ನೇ. ಕಾಪುವಿನಲ್ಲಿ ಭಯವಿದ್ದರೆ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರಬಹುದಲ್ಲ ಎಂದು ವಿಚಾರಣೆಯಲ್ಲಿ ಕೇಳಿಯೇ ಕೇಳುತ್ತಾರೆ. ಸಾಲ, ನಿರುದ್ಯೋಗ ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ಓದಲು ಹೋದವರು ನಿರಾಶ್ರಿತರಾಗುವುದೇ ಇಲ್ಲವೆಂದಲ್ಲ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದಾಗ ಕೊಣಾಜೆಯಲ್ಲಿ ಓದುತ್ತಿದ್ದ ಅಫ್ಘಾನ್ ಹುಡುಗಿಯೊಬ್ಬಳು ನನ್ನ ಕಚೇರಿಗೆ ಬಂದಿದ್ದಳು. ಕುಳಿತಿದ್ದಷ್ಟು ಹೊತ್ತೂ ಮೊಬೈಲ್ ಕೆಳಗಿಡಲಿಲ್ಲ. ಅವಳ ಅಕ್ಕ ಅಲ್ಲಿ ಶಾಲಾ ಶಿಕ್ಷಕಿ. ಮುಂದಿಟ್ಟ ಚಹಾ ಕೆನೆಗಟ್ಟಿತು. ಊರು ಬಿಟ್ಟಾಗ ಇಲ್ಲದ ಭಯ ಇಲ್ಲಿಗೆ ಬಂದ ಮೇಲೆ ಹುಟ್ಟಿತ್ತು. ಅಂಥ ಭಯವನ್ನೂ ಒಪ್ಪಂದ ಮಾನ್ಯ ಮಾಡುತ್ತದೆ. ಆದರೆ ಭಾರತ ಅದಕ್ಕೆ ಸಹಿ ಹಾಕಿಲ್ಲ. ವೀಸಾ ವಿಸ್ತರಣೆಯಷ್ಟೇ ಅವಳಿಗೆ ಸಿಕ್ಕ ಆಸರೆ. ಸುಳ್ಳು ಅರ್ಜಿಗಳ ರಾಶಿಯಡಿ ಹೂತುಹೋಗುವುದು ಇಂಥವರ ಅರ್ಜಿ. ಏಜೆಂಟರ ಮೇಲೆ ನನಗೆ ಸಿಟ್ಟಿರುವುದು ಅದಕ್ಕೇ.

ಮಗನ ಮಟ್ಟಿಗೂ ಇದು ಸಣ್ಣ ವಿಷಯವಲ್ಲ. ಅರ್ಜಿ ಹಾಕಿದರೆ ಅವನ ಪಾಸ್‌ಪೋರ್ಟನ್ನು ಅಲ್ಲಿಯ ಅಧಿಕಾರಿಗಳು ಇಟ್ಟುಕೊಳ್ಳುತ್ತಾರೆ. ಒಮ್ಮೆ ತಿರಸ್ಕೃತವಾದರೆ ಕೆನಡಾದಲ್ಲಿ ಮತ್ತೆ ಇಂಥ ಅರ್ಜಿ ಹಾಕುವಂತಿಲ್ಲ. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಐದು ವರ್ಷ ಪ್ರವೇಶ ನಿಷೇಧವಾಗಬಹುದು. ಅದರ ಬದಲು ಅಲ್ಲಿಯ ಪರವಾನಗಿ ಪಡೆದ ವಕೀಲರನ್ನು ಈಗಲೇ ಕಾಣಲಿ. ವಾಸದ ಅವಧಿ ಮುಗಿದರೂ 90 ದಿನಗಳೊಳಗೆ ಅದನ್ನು ಸರಿಪಡಿಸಿಕೊಳ್ಳಲು ಅರ್ಜಿ ಹಾಕುವ ದಾರಿಯಿದೆ.

ನೀವು ಅಡವಿನ ಪತ್ರ, ಕಂತು ಕಟ್ಟಿದ ರಶೀದಿಗಳನ್ನು ಹಿಡಿದು ಬ್ಯಾಂಕ್ ಮ್ಯಾನೇಜರರನ್ನು ಕಾಣಿ. ಕಂತಿನ ಅವಧಿ ವಿಸ್ತರಿಸಿಕೊಡಿ ಎಂದು ಲಿಖಿತವಾಗಿಯೇ ಕೇಳಿ. ಒಬ್ಬರೇ ಹೋಗಲು ಅಳುಕಾದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ, ನಾನೂ ಜೊತೆಗೆ ಬರುತ್ತೇನೆ.