ಸೂಜಿ-ದಾರ ಇಲ್ಲದೆ ನಾಯಿಗೆ ಫ್ಲೀಸ್ ಹಾಸಿಗೆ ಮಾಡಬಹುದಾ?

ಖಂಡಿತ ಮಾಡಬಹುದು. ಹೊಲಿಗೆ ಮಷಿನ್ ಇಲ್ಲ, ಸೂಜಿ ಹಿಡಿದು ಅಭ್ಯಾಸವೂ ಇಲ್ಲ, ಮನೆಯ ನಾಟಿ ನಾಯಿಗೆ ಹಾಸಿಗೆ ಬೇಕು ಅಂತ ಕೇಳಿದ್ದೀರಿ. ನಮ್ಮ ನಾಯಿ ಮಲಗೋದು ಇಂಥ ಹಾಸಿಗೆ ಮೇಲೇ. ಫ್ಲೀಸ್ ಅಂದರೆ ಚಳಿಗಾಲದ ಹೊದಿಕೆಗಳಲ್ಲಿ ಬಳಸುವ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆ. ಅದನ್ನು ಕತ್ತರಿಸಿದರೆ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ಹಾಗಾಗಿ ಅಂಚು ಮಡಚಿ ಹೊಲಿಯುವ ಕೆಲಸವೇ ಇರುವುದಿಲ್ಲ. ಎರಡು ತುಂಡಿನ ಅಂಚನ್ನು ಪಟ್ಟಿಗಳಾಗಿ ಸೀಳಿ ಒಂದಕ್ಕೊಂದು ಗಂಟು ಕಟ್ಟಿದರೆ ಸಾಕು. ಹಳೇ ಸೀರೆ, ಕಾಟನ್ ಬೆಡ್‌ಶೀಟಿನಲ್ಲಿ ಇದನ್ನೇ ಮಾಡಿದರೆ ಒಗೆದಾಗಲೆಲ್ಲ ಅಂಚು ದಾರ ದಾರವಾಗಿ ಬಿಚ್ಚಿಕೊಳ್ಳುತ್ತದೆ.

ನಾಯಿ ಕಾಲು ಚಾಚಿ ಮಲಗಿದಾಗ ಅಳತೆ ತೆಗೆದುಕೊಳ್ಳಿ. ಮುದುಡಿ ಮಲಗಿದಾಗ ಅಳೆದರೆ ಹಾಸಿಗೆ ಚಿಕ್ಕದಾಗುತ್ತದೆ. 30 ಇಂಚು ಉದ್ದ, 24 ಇಂಚು ಅಗಲ ಬೇಕು ಅಂದುಕೊಳ್ಳಿ. ಎರಡಕ್ಕೂ 12 ಇಂಚು ಸೇರಿಸಿ. ಅದರಲ್ಲಿ 8 ಇಂಚು ಗಂಟು ಹಾಕುವ ಪಟ್ಟಿಗೆ, 4 ಇಂಚು ಒಳಗಿನ ದಪ್ಪಕ್ಕೆ. ಅಂದರೆ 42 ಇಂಚು ಉದ್ದ, 36 ಇಂಚು ಅಗಲದ ಎರಡು ತುಂಡು. 60 ಇಂಚು ಅಗಲದ ಬಟ್ಟೆಯಾದರೆ 2 ಮೀಟರ್ ಸಾಕು. ಫ್ಲೀಸ್ ಹೊದಿಕೆಗಳೂ ನಡೆಯುತ್ತವೆ, ಅಂಚಿನ ಹೊಲಿಗೆ ಕತ್ತರಿಸಿ ತೆಗೆಯಿರಿ.

ಮೆತ್ತನೆಯ ಬದಿ ಹೊರಗೆ ಬರುವ ಹಾಗೆ ಎರಡು ತುಂಡನ್ನೂ ಒಂದರ ಮೇಲೊಂದು ಹಾಸಿ. ನಾಲ್ಕೂ ಮೂಲೆಯಲ್ಲಿ 4 ಇಂಚಿನ ಚೌಕ ಕತ್ತರಿಸಿ ತೆಗೆಯಿರಿ. ಆಮೇಲೆ ಸುತ್ತಲೂ 1 ಇಂಚು ಅಗಲ, 4 ಇಂಚು ಉದ್ದದ ಪಟ್ಟಿಗಳಾಗಿ ಸೀಳಿ. ಕತ್ತರಿ ಚೂಪಾಗಿರಲಿ. ಮೇಲಿನ ಪಟ್ಟಿಗೂ ಅದರ ಕೆಳಗಿನದಕ್ಕೂ ಎರಡು ಗಂಟು ಹಾಕುತ್ತಾ ಹೋಗಿ. ಜಾಸ್ತಿ ಎಳೆದರೆ ಅಂಚು ಸುಕ್ಕುಗಟ್ಟುತ್ತದೆ. ಮೂರು ಕಡೆ ಮುಗಿದ ಮೇಲೆ ಒಳಗೆ ತುಂಬಿಸಿ ನಾಲ್ಕನೇ ಕಡೆ ಕಟ್ಟಿ. ಆ ಕಡೆಯ ಗಂಟು ಮಾತ್ರ ಸಡಿಲವಾಗಿರಲಿ. ಒಗೆಯುವಾಗ ಬಿಚ್ಚಬೇಕಲ್ವಾ?

ಒಳಗೆ ಬಿಡಿ ಹತ್ತಿ ತುಂಬಬೇಡಿ, ನೆನೆದರೆ ಗಂಟುಗಟ್ಟುತ್ತದೆ. ಹಳೇ ಬೆಡ್‌ಶೀಟುಗಳನ್ನು ಸಮನಾಗಿ ಮಡಚಿ ಇಡಿ. ವಯಸ್ಸಾದ ನಾಯಿಯಾದರೆ 3 ಇಂಚಿನ ಫೋಮ್ ಹಾಕಿ. ಯಾವಾಗಲೂ ಟೈಲ್ಸ್ ಮೇಲೆ ಮಲಗುವ ನಾಯಿಗಳಿಗೆ ಮೊಣಕೈ ಚರ್ಮ ದಪ್ಪಗಾಗಿ ಕೂದಲು ಉದುರುತ್ತದೆ, ಅದಕ್ಕೆ ಫೋಮ್ ನಿಜವಾಗಲೂ ಆರಾಮ.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ನಿಮ್ಮದು ಹಲ್ಲು ಬರುತ್ತಿರುವ ಮರಿಯಾಗಿದ್ದರೆ, ಅಥವಾ ಸಿಕ್ಕಿದ್ದೆಲ್ಲ ಕಚ್ಚಿ ಹರಿಯುವ ನಾಯಿಯಾಗಿದ್ದರೆ ಈ ಪಟ್ಟಿಗಳು ಬೇಡವೇ ಬೇಡ. ಬಟ್ಟೆ ಚೂರು ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್‌ವರೆಗೂ ಹೋಗಬಹುದು. ಅಂಥ ನಾಯಿಗೆ ಗಂಟು ಕಟ್ಟದೆ ಫ್ಲೀಸ್ ಹೊದಿಕೆಯನ್ನು ಸುಮ್ನೆ ನಾಲ್ಕು ಮಡಿಕೆ ಮಾಡಿ ಹಾಸಿ. ಅದನ್ನೂ ಕಚ್ಚುತ್ತಿದೆಯಾ ಅಂತ ಮೊದಲ ಕೆಲವು ದಿನ ಕಣ್ಣಿಟ್ಟಿರಿ.

ಒಗೆಯುವ ಮುಂಚೆ ಒಣಗಿರುವಾಗಲೇ ಕೂದಲನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಗಂಟುಗಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿ. ತಣ್ಣೀರು ಸಾಕು, ಫ್ಲೀಸ್ ಬೇಗ ಒಣಗುತ್ತದೆ. ರಾಯಚೂರು, ಕಲಬುರಗಿ ಕಡೆಯವರಾದರೆ ಬೇಸಿಗೆಯಲ್ಲಿ ಇದರ ಮೇಲೊಂದು ಕಾಟನ್ ಬಟ್ಟೆ ಹಾಸಿ. ಸೆಕೆ ಅಂತ ನಾಯಿ ಬರೀ ನೆಲಕ್ಕೆ ಹೋದರೆ ಅಲ್ಲೇ ಮಲಗಲಿ ಬಿಡಿ.