ಥಿಯೇಟರ್ ಗೇಟಿನ ಸ್ಟಂಟಿಗೆ ಮೊದಲು ಬಸ್ಸಿನ ಟೈಮ್ ನೋಡಿ

ತಮ್ಮ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಬದಿಯಡ್ಕ ಕಡೆಯ ಗೆಳೆಯರು ಸೇರಿ ಮಾಡಿದ ಕನ್ನಡ ಸಿನಿಮಾ, ಅಡಿಕೆ ತೋಟದ ಪಾಳುಮನೆಯಲ್ಲಿ ಪ್ರೇತ, ನಗುವುದಕ್ಕೂ ಉಂಟು ಹೆದರುವುದಕ್ಕೂ ಉಂಟು. ಕಾಸರಗೋಡು ಪೇಟೆಯಲ್ಲಿ ಒಂದೇ ಸ್ಕ್ರೀನ್, ದಿನಕ್ಕೆ ಮ್ಯಾಟಿನಿ ಮತ್ತು ಸೆಕೆಂಡ್ ಶೋ. ಶುಕ್ರವಾರ ಥಿಯೇಟರ್ ಎದುರು ಕಟೌಟಿಗೆ ಹಾಲು, ತಲಪಾಡಿಯಿಂದ ಬೈಕ್ ರ‍್ಯಾಲಿ, ಗೇಟಿನಲ್ಲಿ ದೈವದ ಹಾಗೆ ವೇಷ ಹಾಕಿ ಕುಣಿತ, ಪಕ್ಕದಲ್ಲಿ "ಹೆದರಿದವರಿಗೆ" ಅಂತ ಒಂದು ಆಂಬುಲೆನ್ಸ್. ದುಡ್ಡು ಕಡಿಮೆ, ಯಾವುದು ಮಾಡ್ಲಿ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ನಾಲ್ಕೂ ಬೇಡ. ಯಾಕೆ ಅಂತ ಆಮೇಲೆ ಹೇಳ್ತೇನೆ, ಮೊದಲು ಬೇರೆ ಒಂದು ಕೆಲಸ ಉಂಟು.

ಥಿಯೇಟರ್ ಗೇಟಿನಲ್ಲಿ ಏನು ಮಾಡಿದರೂ ನೋಡುವುದು ಯಾರು? ಟಿಕೆಟ್ ತೆಗೆದುಕೊಂಡು ಬಂದವರು, ಮತ್ತೆ ನಿಮ್ಮದೇ ಫ್ರೆಂಡ್ಸ್ ಮೊಬೈಲ್ ಹಿಡ್ಕೊಂಡು. ನಿಮಗೆ ಬೇಕಾದ ಜನ ಅಲ್ಲಿಲ್ಲ. ಅವರು ಪೆರ್ಲ, ನೀರ್ಚಾಲು, ಮುಳ್ಳೇರಿಯ, ಬಾಯಾರು, ಪೈವಳಿಕೆಯಲ್ಲಿ ಮನೆಯಲ್ಲಿ ಕೂತಿದ್ದಾರೆ. ಕನ್ನಡ ಸಿನಿಮಾ ಬಂದದ್ದೇ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾದರೂ ಸೆಕೆಂಡ್ ಶೋ ಮುಗಿಯುವಾಗ ಆ ಕಡೆಗೆ ಬಸ್ಸು ಎಲ್ಲಿಂದ? ಹೆಂಗಸರು, ಮಕ್ಕಳನ್ನು ಕರ್ಕೊಂಡು ರಾತ್ರಿ ಹನ್ನೆರಡಕ್ಕೆ ರಿಕ್ಷಾ ಮಾಡಿ ಹೋಗುವಷ್ಟು ಹುಚ್ಚು ಯಾವ ಹೊಸ ಸಿನಿಮಾಕ್ಕೂ ಇರುವುದಿಲ್ಲ. ಹಾಗಾಗಿ ಮ್ಯಾನೇಜರ ಹತ್ತಿರ ಕೂತು ಸೆಕೆಂಡ್ ಶೋ ಬದಲು ಸಂಜೆಯ ಫಸ್ಟ್ ಶೋ ಕೇಳಿ. ದೊಡ್ಡ ಮಲಯಾಳಂ ಸಿನಿಮಾ ಓಡುವಾಗ ಕೊಡಲಿಕ್ಕಿಲ್ಲ. ಕೊಡದಿದ್ದರೆ ಶನಿವಾರ, ಭಾನುವಾರದ ಮಟ್ಟಿಗಾದರೂ ಕೇಳಿ. ಅದೂ ಆಗದಿದ್ದರೆ ಇರುವ ಪ್ರಚಾರವನ್ನೆಲ್ಲ ಮ್ಯಾಟಿನಿಗೇ ಸುರಿಯಿರಿ, ಸೆಕೆಂಡ್ ಶೋ ಪೇಟೆಯ ಹುಡುಗರಿಗೆ ಬಿಡಿ.

ಇನ್ನು ಹಾಲಿಗೆ, ಕಟೌಟಿಗೆ ಇಟ್ಟ ದುಡ್ಡನ್ನು ಬಸ್ಸಿಗೆ ಹಾಕಿ. ಭಾನುವಾರದ ಮ್ಯಾಟಿನಿಗೆ ಒಂದೊಂದು ಊರಿಂದ ಒಂದೊಂದು ಬಸ್ಸು. ನೀವೇ ಜನ ಹುಡುಕಲು ಹೋಗ್ಬೇಡಿ. ಊರಿನ ಯುವಕ ಸಂಘ, ಶಾಲೆಯ ಹಳೆ ವಿದ್ಯಾರ್ಥಿಗಳು, ಕುಟುಂಬಶ್ರೀ ಸ್ವಸಹಾಯ ಸಂಘದ ಅಕ್ಕಂದಿರು, ಇವರಲ್ಲಿ ಒಬ್ಬರು "ನಾನು ಬಸ್ಸು ತುಂಬಿಸ್ತೇನೆ" ಅಂದರೆ ಆಯ್ತು. ಟಿಕೆಟಿನ ದುಡ್ಡು ಅವರದ್ದು, ಬಸ್ಸಿನ ಬಾಡಿಗೆ ನಿಮ್ಮದು. ಗುಂಪಿನ ಟಿಕೆಟಿಗೆ 100 ರೂಪಾಯಿ ದಾಟದ ದರ ಸಿಗುತ್ತದಾ ಅಂತ ಮಾತಾಡಿ ನೋಡಿ, ಯಾಕಂದರೆ 2025ರ ಸೆಪ್ಟೆಂಬರ್ 22ರಿಂದ 100ರ ತನಕದ ಸಿನಿಮಾ ಟಿಕೆಟಿಗೆ ಜಿಎಸ್‌ಟಿ ಶೇ. 5, ಅದರ ಮೇಲೆ ಹೋದರೆ ಶೇ. 18. ಸ್ಥಳೀಯ ಮನರಂಜನಾ ತೆರಿಗೆ ಬೇರೆಯೇ ಉಂಟು. ದಿನಾ ರೂಟಿನಲ್ಲಿ ಓಡುವ ಲೈನ್ ಬಸ್ಸು ಹಿಡಿಯುವುದಾದರೆ ಆ ದಿನಕ್ಕೆ ಸ್ಪೆಷಲ್ ಪರ್ಮಿಟ್ ಮಾಡಿಸಬೇಕು, ತಲೆಬಿಸಿ ಬೇಡ ಅಂದರೆ ಟೂರಿಸ್ಟ್ ಬಸ್ಸೇ ಮಾಡಿ. ಬಸ್ಸಿನ ಎದುರು ಬಟ್ಟೆ ಬ್ಯಾನರ್, ಒಳಗೆ ನಿಮ್ಮ ನಟರಲ್ಲಿ ಒಬ್ಬ. ಅವನು ಪ್ರೇತದ ಪಾತ್ರದವನೇ ಆದರೆ ಇನ್ನೂ ಒಳ್ಳೆಯದು, ಮೇಕಪ್ ಇಲ್ಲದೆ ಸುಮ್ಮನೆ ಕಂಡಕ್ಟರ ಹಾಗೆ ಬಾಗಿಲಲ್ಲಿ ನಿಲ್ಲಲಿ. ಸಿನಿಮಾದಲ್ಲಿ ಅವನ ಮುಖ ಕಂಡಾಗ ಬಸ್ಸಿನಲ್ಲಿ ಬಂದ ಆ ನಲ್ವತ್ತು ಜನ ಬೊಬ್ಬೆ ಹೊಡೆಯುತ್ತಾರೆ ನೋಡಿ, ಆ ಬೊಬ್ಬೆ ಥಿಯೇಟರಿನ ಬಾಕಿ ಜನರಿಗೂ ಹಿಡಿಯುತ್ತದೆ. ವಾಪಸ್ ಹೋಗುವಾಗ ಬಸ್ಸಿನಲ್ಲಿ ನಡೆಯುವ ಮಾತು ಸೋಮವಾರ ಹಾಲಿನ ಸೊಸೈಟಿಗೂ ರೇಷನ್ ಅಂಗಡಿಗೂ ಮುಟ್ಟುತ್ತದೆ. ಅದಕ್ಕಿಂತ ದೊಡ್ಡ ಪ್ರಚಾರ ನಮ್ಮ ಕಡೆ ಇಲ್ಲ.

ಸದ್ದು ಮಾಡಲೇಬೇಕು ಅಂತಿದ್ದರೆ ನಮ್ಮಲ್ಲೇ ಒಂದು ಕ್ರಮ ಉಂಟಲ್ಲ. ಯಕ್ಷಗಾನದ ಆಟ ಇರುವ ದಿನ ಸಂಜೆ ಚೆಂಡೆ ಮದ್ದಳೆ ಹಿಡಿದು ಕೇಳಿ ಬಾರಿಸುವುದು. ಊರಿಗೆ ಊರೇ ಇವತ್ತು ಆಟ ಉಂಟು ಅಂತ ತಿಳಿಯುತ್ತಿತ್ತು. ಕಥಕಳಿಯಲ್ಲೂ ಹಾಗೆಯೇ, ಮಲಯಾಳದವರಿಗೂ ಅರ್ಥ ಹೇಳಬೇಕಾಗಿಲ್ಲ. ಗುರುವಾರ ಸಂಜೆ ಕುಂಬಳೆ ಪೇಟೆ, ಉಪ್ಪಳ, ಬದಿಯಡ್ಕ ಬಸ್‌ಸ್ಟ್ಯಾಂಡ್, ಒಂದೊಂದು ಕಡೆ ಸ್ವಲ್ಪ ಹೊತ್ತು ಕೇಳಿ ಬಾರಿಸಲಿ. ಅದು ನಿಂತ ಕೂಡಲೇ ಒಬ್ಬ ನಾಲ್ಕು ಮಾತಲ್ಲಿ ಸಿನಿಮಾದ ಹೆಸರು, ಥಿಯೇಟರ್, ಶೋ ಟೈಮ್ ಹೇಳಿ ಕರಪತ್ರ ಹಂಚಲಿ. ಹಿಂದೆ ಡೇರೆ ಮೇಳದ ಜೀಪು "ಬನ್ನಿರಿ, ನೋಡಿರಿ, ಆನಂದಿಸಿರಿ" ಅಂತ ಕೂಗ್ತಾ ಹೋಗುತ್ತಿದ್ದದ್ದು ನೆನಪಿರುವವರಿಗೆ ಆ ಧಾಟಿಯ ಅನೌನ್ಸ್‌ಮೆಂಟ್ ಕೇಳಿದರೇ ನಗು ಬರ್ತದೆ, ಆ ನಗು ನಿಮ್ಮ ಸಿನಿಮಾಕ್ಕೆ ಹೊಂದುತ್ತದೆ. ಕನ್ನಡದಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ ಹೇಳಿ. ಸಬ್‌ಟೈಟಲ್ ಉಂಟು ಅಂತ ಮಲಯಾಳದಲ್ಲಿ ಹೇಳಲು ಮರೆಯಬೇಡಿ, ಇಲ್ಲದಿದ್ದರೆ ಈಗಲೇ ಹಾಕಿಸಿ. ಚೆಂಡೆಯವರಿಗೆ ಸರಿಯಾದ ಸಂಭಾವನೆ ಕೊಡಿ, "ಪಬ್ಲಿಸಿಟಿ ಸಿಗ್ತದಲ್ಲ" ಅಂತ ಕಲಾವಿದರ ಹತ್ತಿರ ಹೇಳಬೇಡಿ.

ಮೈಕ್ ಕಟ್ಟುವುದಾದರೆ ಪೊಲೀಸ್ ಠಾಣೆಯಿಂದ ಪರ್ಮಿಷನ್ ಮೊದಲೇ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಲೌಡ್‌ಸ್ಪೀಕರ್ ಇಲ್ಲ, ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಒಳಗೆ ಹಗಲಲ್ಲೂ ಇಲ್ಲ. ಮಸೀದಿಯಲ್ಲಿ ಬಾಂಗ್ ಕೊಡುವ ಹೊತ್ತಿಗೆ, ದೇವಸ್ಥಾನದಲ್ಲಿ ಮಹಾಪೂಜೆಯ ಹೊತ್ತಿಗೆ ನೀವಾಗಿಯೇ ನಿಲ್ಲಿಸಿ, ಅದನ್ನು ಕಾನೂನು ಹೇಳಿಕೊಡಬೇಕಾಗಿಲ್ಲ.

ಥಿಯೇಟರ್ ಒಳಗೆ ಏನಾದರೂ ಬೇಕು ಅಂತ ಮನಸ್ಸು ಕುಣಿಯುತ್ತಿದ್ದರೆ ಅಮೆರಿಕದ ಹಾರರ್ ಸಿನಿಮಾ ನಿರ್ದೇಶಕ ವಿಲಿಯಂ ಕ್ಯಾಸಲ್ ಮಾಡಿದ್ದನ್ನು ನೋಡಿ. 1958ರಲ್ಲಿ 'ಮಕಾಬ್ರ್' ಸಿನಿಮಾಕ್ಕೆ ಬಂದವರಿಗೆಲ್ಲ ಹೆದರಿ ಸತ್ತರೆ 1000 ಡಾಲರ್ ಅಂತ ಲಾಯ್ಡ್ಸ್ ಆಫ್ ಲಂಡನ್ನಿನ ವಿಮಾ ಪತ್ರ ಕೊಟ್ಟ. ಮರುವರ್ಷ 'ದ ಟಿಂಗ್ಲರ್'ಗೆ ಕೆಲವು ಸೀಟಿನ ಅಡಿಯಲ್ಲಿ ನಡುಗುವ ಮೋಟಾರ್ ಇಡಿಸಿದ. ಮೋಟಾರಿನ ಐಡಿಯಾ ಇಲ್ಲಿ ಎತ್ತಿದರೆ ಮ್ಯಾನೇಜರ್ ನಿಮ್ಮನ್ನೇ ಹೊರಗೆ ಹಾಕಿಯಾರು. ಆದರೆ ಆ ಕಾಗದದಲ್ಲಿ ಬುದ್ಧಿವಂತಿಕೆ ಉಂಟು: ಖರ್ಚು ಕಡಿಮೆ, ಪ್ರತಿಯೊಬ್ಬನ ಕೈಯಲ್ಲೂ ಒಂದು, ಮನೆಗೆ ತೆಗೆದುಕೊಂಡು ಹೋಗಿ ತೋರಿಸುತ್ತಾನೆ. 1960ರಲ್ಲಿ ಹಿಚ್‌ಕಾಕ್ 'ಸೈಕೋ' ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ನಿಯಮ ಮಾಡಿದ್ದ. ಅದನ್ನು ಇಲ್ಲಿ ಮಾಡಿದರೆ ಬಸ್ಸು ತಡವಾಗಿ ಬಂದ ಅರ್ಧ ಊರು ಹೊರಗೇ ನಿಲ್ಲಬೇಕಾದೀತು.

ನಿಮ್ಮ ಕಥೆಗೆ ನನ್ನದೊಂದು ಐಡಿಯಾ. ಅಡಿಕೆ ಅಂಗಡಿಯಲ್ಲಿ ಚೀಲ ಇಟ್ಟು ತೂಗುವ ತಕ್ಕಡಿ ಇದೆಯಲ್ಲ, ಅದನ್ನು ಲಾಬಿಯಲ್ಲಿ ಇಡಿ. ಒಳಗೆ ಹೋಗುವಾಗ ಒಮ್ಮೆ ತೂಗಿ, ಟಿಕೆಟಿನ ಹಿಂದೆ ತೂಕ ಬರೆದು ಕೊಡಿ. ಹೊರಗೆ ಬರುವಾಗ ಮತ್ತೊಮ್ಮೆ ತೂಗಿ "ಹೆದರಿ ಇಷ್ಟು ಕರಗಿದ್ದೀರಿ" ಅಂತ ರಶೀದಿ, ಅಡಿಕೆ ಅಂಗಡಿಯ ಚೀಟಿಯ ಹಾಗೆಯೇ ಪ್ರಿಂಟ್ ಮಾಡಿಸಿ: ಕೋಕ, ಪಟೋರ ಅಂತ ಅಡಿಕೆಯ ದರ್ಜೆ ಹಾಕಿ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ತಿಂದು ತೂಕ ಏರಿದವರಿಗೆ ಬೇರೆಯೇ ಸೀಲು. ಇಷ್ಟವಿದ್ದವರು ಮಾತ್ರ ಹತ್ತಲಿ, ಹೆಂಗಸರ ತೂಕ ಜೋರಾಗಿ ಓದಬೇಡಿ, ಪೆಟ್ಟು ತಿನ್ನುವವರು ನೀವು. ಬಾಗಿಲಿನ ದಾರಿಗೆ ಅಡ್ಡ ಮಾತ್ರ ಇಡಬೇಡಿ.

ಈಗ ಯಾಕೆ ಬೇಡ ಅಂದೆ ಅಂತ. ದೈವದ ವೇಷ ಖಂಡಿತ ಬೇಡ. 2025ರ ಅಕ್ಟೋಬರಿನಲ್ಲಿ 'ಕಾಂತಾರ ಚಾಪ್ಟರ್ 1' ಬಂದಾಗ ಥಿಯೇಟರಿಗೆ ದೈವದ ವೇಷ ಹಾಕಿಕೊಂಡು ಬಂದವರ ವಿಡಿಯೋ ನೋಡಿ ತುಳುನಾಡಿನವರು ಎಷ್ಟು ಬೇಸರ ಮಾಡಿದರು, ಕೊನೆಗೆ ನಿರ್ಮಾಪಕರೇ ಹೀಗೆ ಅನುಕರಣೆ ಮಾಡಬೇಡಿ ಅಂತ ಹೇಳಬೇಕಾಯಿತು. ನಮ್ಮದು ದೈವದ ಕೋಲ, ತೆಯ್ಯಂ ಎರಡೂ ನಡೆಯುವ ನೆಲ. ನಿಮ್ಮ ಕಥೆಯದ್ದು ಪ್ರೇತ, ದೈವ ಅಲ್ಲವೇ ಅಲ್ಲ. ಪೋಸ್ಟರಿನಲ್ಲೂ ದೈವದ ವೇಷದ ಆ ಅಣಿ, ಕಾಲಿನ ಗಗ್ಗರದ ಚಿತ್ರ ಬೇಡ.

ಆಂಬುಲೆನ್ಸ್ ಕೂಡ ಕ್ಯಾಸಲ್ ಕಾಲದ ತಮಾಷೆಯೇ, ಅವನು ಲಾಬಿಯಲ್ಲಿ ನರ್ಸುಗಳನ್ನು ನಿಲ್ಲಿಸಿದ್ದ. ಆದರೆ ಕಾಸರಗೋಡಿನಲ್ಲಿ ಅದು ತಮಾಷೆ ಆಗುವುದಿಲ್ಲ ಮಾರಾಯ. 2020ರಲ್ಲಿ ಕೊರೋನಾ ಹೊತ್ತಿಗೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಮುಟ್ಟಲಾಗದೆ ಜನ ಸತ್ತಿದ್ದಾರೆ. ಆ ಮನೆಯವರಲ್ಲಿ ಒಬ್ಬರು ನಿಮ್ಮ ಮ್ಯಾಟಿನಿಗೆ ಬಂದಿರಬಹುದು.

ಕಟೌಟ್ ವಿಷಯ: 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗಲಿ ಮೂವರು ಹುಡುಗರು ತೀರಿಹೋದರು. ಅದೂ ಅಲ್ಲದೆ ಸ್ಟಾರ್ ಇಲ್ಲದ ಸಿನಿಮಾದ ಕಟೌಟಿಗೆ ಹಾಲು ಹೊಯ್ದರೆ ನೋಡುವವರಿಗೆ ಯಾರಿದು ಅಂತಲೇ ಗೊತ್ತಾಗುವುದಿಲ್ಲ. ಬೈಕ್ ರ‍್ಯಾಲಿ ಷಟ್ಪಥ ಹೆದ್ದಾರಿಯ ಮೇಲೆ ಹೋದರೆ ಪೇಟೆಯವರಿಗೆ ಕಾಣುವುದೇ ಇಲ್ಲ, ಸರ್ವಿಸ್ ರಸ್ತೆಯಲ್ಲಿ ಹೋದರೆ ಬ್ಲಾಕ್ ಮಾಡಿ ಬೈಗುಳ ತಿನ್ನಬೇಕು.

ಪೋಸ್ಟರ್ ಬಗ್ಗೆ ಎರಡೇ ಮಾತು. ಪಿವಿಸಿ ಫ್ಲೆಕ್ಸ್ ಕೇರಳದಲ್ಲಿ 2019ರಿಂದ ನಿಷೇಧ, ಬಟ್ಟೆ ಅಥವಾ ಕಾಗದ ಬಳಸಿ. ಕೆಎಸ್‌ಇಬಿಯ ಕರೆಂಟ್ ಕಂಬಕ್ಕೆ ಅಂಟಿಸಬೇಡಿ, ಅಂಗಡಿ ಗೋಡೆಗೆ ಮಾಲಕರನ್ನು ಕೇಳಿ ಅಂಟಿಸಿ. ಸೆನ್ಸಾರ್ ದರ್ಜೆ, ಅಂದರೆ ಯುಎ 13+ ಆದರೆ ಹಾಗೆಯೇ, ಎದ್ದು ಕಾಣುವಂತೆ ಇರಲಿ. ಮಕ್ಕಳನ್ನು ಬಸ್ಸಿನಲ್ಲಿ ಕರ್ಕೊಂಡು ಬರುವ ಮನೆಯವರಿಗೆ ಅದು ಮೊದಲೇ ಗೊತ್ತಿರಬೇಕು. ಥಿಯೇಟರಿನಲ್ಲಿ ಟ್ರೈಲರ್ ಹಾಕಿಸುವುದಾದರೆ ಟ್ರೈಲರಿಗೂ ಪ್ರತ್ಯೇಕ ಸರ್ಟಿಫಿಕೇಟ್ ಬೇಕು, ಅದಕ್ಕೆ ಈಗಲೇ ಅರ್ಜಿ ಹಾಕಿ.

ಶನಿವಾರ ರಾತ್ರಿ ಮ್ಯಾನೇಜರ ಹತ್ತಿರ ಕಲೆಕ್ಷನ್ ಶೀಟ್ ಕೇಳಿ, ಭಾನುವಾರ ಎಷ್ಟು ಬಸ್ಸು ಬರ್ತದೆ ಅಂತ ಅಡ್ವಾನ್ಸ್ ಟಿಕೆಟಿನ ದುಡ್ಡಿನೊಟ್ಟಿಗೆ ಅವರಿಗೆ ತೋರಿಸಿ. ಸೋಮವಾರ ಶೋ ಇರ್ತದಾ ಇಲ್ಲವಾ ಅಂತ ತೀರ್ಮಾನ ಆಗುವುದು ಆ ಹೊತ್ತಿಗೇ. ತಕ್ಕಡಿ ಎಲ್ಲಿಯೂ ಸಿಗದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಗುಂಪಿನಲ್ಲಿ ಅಡಿಕೆ ವ್ಯಾಪಾರದವರು ಇದ್ದಾರೆ.